ಹೆಂಟೆ ಮರಳಿಟ್ಟ ಗುಡ್ಡ

ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿ ವಾರ್ಸೆ ಎಂಬ ದ್ವೀಪವಿದೆ. ಅಲ್ಲಿಂದ ನಾಲ್ಕು ಮೈಲಿ ಆಚೆಗೆ ಗ್ರೀನೆ ಎಂಬ ಇನ್ನೊಂದು ಪುಟ್ಟ ದ್ವೀಪ. ಅದನ್ನು ದ್ವೀಪ ಎನ್ನುವುದಕ್ಕಿಂತ ಕಡಲಿನಿಂದ ಎದ್ದ ಗುಡ್ಡ ಎನ್ನುವುದೇ ಸರಿ. ಮೂರು ಕಡೆ ನೆಟ್ಟಗೆ ಕಡಿದ ಬಂಡೆ, ವಾರ್ಸೆಯ ಕಡೆಗೆ ಮಾತ್ರ ಇಳಿಜಾರಾದ ಹುಲ್ಲಿನ ಮೈ. ಮರ ಹೆಸರಿಗೂ ಇಲ್ಲ. ಆ ಗಾಳಿಗೆ ಮರವಿರಲಿ, ಮನುಷ್ಯನ ತಲೆಯ ಮೇಲೆ ಟೋಪಿಯೂ ನಿಲ್ಲುವುದಿಲ್ಲ. ಈಗ ಅಲ್ಲಿ ಕುರಿಗಳನ್ನೂ ಕಡಲಹಕ್ಕಿಗಳನ್ನೂ ಬಿಟ್ಟರೆ ಯಾರೂ ವಾಸವಿಲ್ಲ. ಬೇಸಗೆಯಲ್ಲಿ ಕಡಲು ಒಪ್ಪಿದ ದಿನ ವಾರ್ಸೆಯ ದೋಣಿಯವರು ಪ್ರವಾಸಿಗಳನ್ನು ಕರೆದೊಯ್ದು ಎರಡು ತಾಸು ಸುತ್ತಾಡಿಸಿ ತರುತ್ತಾರೆ. ಏದುಸಿರು ಬಿಡುತ್ತ ಹತ್ತಿದವರಿಗೆ ನೆತ್ತಿಯ ಹತ್ತಿರ, ಬಲಗಡೆಗೆ, ಬಾಗಿಲಿನಷ್ಟು ಉದ್ದಗಲದ ಒಂದು ಹಸಿರು ಪಟ್ಟೆ ಕಾಣುತ್ತದೆ. ಸುತ್ತಲಿನ ಹುಲ್ಲು ಹಳದಿಯಾದಾಗಲೂ ಅದು ಹಸಿರು. ಅಂಚಿನಲ್ಲಿ ಬೆರಳು ಇಳಿಯುವಷ್ಟು ಆಳದ ಗೆರೆ ಇನ್ನೂ ಇದೆ. ಈ ಗುಡ್ಡಕ್ಕೆ ಅಲ್ಲಿಯ ಗೇಲಿಕ್ ನುಡಿಯಲ್ಲಿ ಒಂದು ಉದ್ದನೆಯ ಹೆಸರು; ನಮ್ಮ ಮಾತಿಗೆ ತಂದರೆ ‘ಹೆಂಟೆ ಮರಳಿಟ್ಟ ಗುಡ್ಡ’ ಎಂದಾಗುತ್ತದೆ. ಹೊಸಬರು ಕೇಳಿ ನಗುತ್ತಾರೆ. ಒಂದು ಮಣ್ಣಿನ ಹೆಂಟೆಯನ್ನು ಇದ್ದಲ್ಲಿ ಇಟ್ಟದ್ದಕ್ಕೆ ಇಡೀ ಗುಡ್ಡಕ್ಕೆ ಹೆಸರೇ ಎಂದು. ನಗಲಿ ಪಾಪ, ಅವರಿಗೇನು ಗೊತ್ತು.

ಹಿಂದೆ ಒಮ್ಮೆ, ಮುನ್ನೂರು ವರ್ಷಗಳಾದರೂ ಆಗಿರಬೇಕು, ವಾರ್ಸೆಯಲ್ಲಿ ಹದಿನಾಲ್ಕು ಮನೆಗಳ ಒಂದು ಊರಿತ್ತು. ಕಲ್ಲಿನ ತಗ್ಗು ಮನೆಗಳು. ಗಾಳಿ ಹಾರಿಸಿಕೊಂಡು ಹೋಗದಿರಲೆಂದು ಹುಲ್ಲಿನ ಮಾಡಿಗೆ ಹಗ್ಗ ಬಿಗಿದು, ಹಗ್ಗದ ತುದಿಗೆ ಕಲ್ಲು ಕಟ್ಟಿರುತ್ತಿದ್ದರು. ಮನೆಯ ಒಂದು ತುದಿಯಲ್ಲಿ ದನ, ಇನ್ನೊಂದು ತುದಿಯಲ್ಲಿ ಜನ, ನಡುವೆ ಒಲೆ. ಜವುಗು ನೆಲದಿಂದ ಇಟ್ಟಿಗೆಯಂತೆ ಕಡಿದು ಒಣಗಿಸಿದ ಕರಿಮಣ್ಣೇ ಅವರ ಸೌದೆ. ಆ ಒಲೆಯನ್ನು ವರ್ಷವಿಡೀ ಆರಗೊಡುತ್ತಿರಲಿಲ್ಲ. ಮನೆಯಲ್ಲಿ ಸಾವಾದರೆ ಮಾತ್ರ ನೀರು ಹಾಕಿ ಆರಿಸಬೇಕು, ಹೆಣ ಮಣ್ಣಾದ ಮೇಲೆ ನೆರೆಮನೆಯಿಂದ ಕೆಂಡ ತಂದು ಹೊತ್ತಿಸಬೇಕು, ಇದು ಪದ್ಧತಿ. ಊರಿನ ಕುರಿಗಳೆಲ್ಲ ಗ್ರೀನೆಯ ಮೇಲೆ. ಆಗಸ್ಟ್ ತಿಂಗಳಲ್ಲಿ ಆರು ಮಂದಿ ಗಂಡಸರು ಅಲ್ಲಿಗೆ ಹೋಗಿ ಹನ್ನೆರಡು ದಿನ ಕಲ್ಲಿನ ಗೂಡಿನಲ್ಲಿದ್ದು ಉಣ್ಣೆ ಕೀಳುತ್ತಿದ್ದರು. ಕತ್ತರಿ ಹಾಕುವ ಜಾತಿಯ ಕುರಿಗಳಲ್ಲ ಅವು. ಹೊತ್ತು ಬಂದಾಗ ಉಣ್ಣೆ ತಾನಾಗಿ ಸಡಿಲವಾಗುತ್ತದೆ, ಕೋಳಿಯ ಪುಕ್ಕ ಕಿತ್ತ ಹಾಗೆ ಕೈಯಲ್ಲೇ ಕೀಳಬೇಕು. ಗ್ರೀನೆಯಲ್ಲಿ ದೋಣಿ ಎಳೆದು ನಿಲ್ಲಿಸಲು ಮೊಳದಷ್ಟು ಮರಳೂ ಇಲ್ಲದ್ದರಿಂದ ದೋಣಿ ಅವರನ್ನು ಬಂಡೆಯ ಮೇಲೆ ಇಳಿಸಿ ವಾಪಸು ಬರುತ್ತಿತ್ತು. ಊರಿಗೆ ಇದ್ದದ್ದು ಅದೊಂದೇ ದೋಣಿ.

ಹಾಗಾದರೆ ಆ ಆರು ಮಂದಿಗೆ ಏನಾದರೂ ಆದರೆ ಊರಿಗೆ ತಿಳಿಯುವುದು ಹೇಗೆ? ಕೂಗಿದರೆ ಕೇಳುವುದಿಲ್ಲ. ಬೆಂಕಿ ಹಾಕೋಣವೆಂದರೆ ಗ್ರೀನೆಯಲ್ಲಿ ಸುಡಲು ಏನೂ ಇಲ್ಲ, ಹಾಕಿದರೂ ಹೊಗೆಯನ್ನು ಗಾಳಿ ಹರಿದು ಚಿಂದಿ ಮಾಡುತ್ತದೆ. ಅದಕ್ಕೆ ಅವರ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ಗುಡ್ಡದ ಹಸಿರು ಮೈಯಲ್ಲಿ ಬಾಗಿಲಿನಷ್ಟು ಅಗಲಕ್ಕೆ ಹುಲ್ಲಿನ ಹೆಂಟೆಗಳನ್ನು ಕಡಿದು ಎತ್ತಿ ಪಕ್ಕಕ್ಕಿಟ್ಟರೆ ಕೆಳಗಿನ ಕಪ್ಪು ಮಣ್ಣು ಬಾಯಿ ಬಿಡುತ್ತದೆ. ನಾಲ್ಕು ಮೈಲಿ ದೂರಕ್ಕೆ ಅದು ಹಸಿರು ಬಟ್ಟೆಯ ಮೇಲೆ ಬಿದ್ದ ಸುಟ್ಟ ಕಲೆಯಂತೆ ಕಾಣುತ್ತದೆ. ಕಡಿದ ಜಾಗವೇ ಮಾತು. ಕೆಳಗೆ, ನೀರಿನ ಹತ್ತಿರ ಎಡಕ್ಕೆ ಕಡಿದರೆ ಕೆಲಸ ಮುಗಿಯಿತು, ಬಂದು ಕರೆದುಕೊಂಡು ಹೋಗಿ ಎಂದು. ಗುಡ್ಡದ ನಡುಮೈಯಲ್ಲಿ ಕಡಿದರೆ ಯಾರಿಗೋ ಪೆಟ್ಟೋ ಕಾಯಿಲೆಯೋ ಆಗಿದೆ, ಕಡಲು ಹೇಗೇ ಇರಲಿ ಬನ್ನಿ ಎಂದು. ಮೇಲೆ ನೆತ್ತಿಯ ಬಲಕ್ಕೆ ಕಡಿದರೆ ಒಬ್ಬರು ಸತ್ತಿದ್ದಾರೆ ಎಂದು. ಸತ್ತವರಿಗಾಗಿ ಬದುಕಿದವರು ಜೀವ ಕೊಡಬೇಕಾಗಿಲ್ಲ; ಆ ಗುರುತು ಕಂಡರೆ ಕಡಲು ಇಳಿಯುವ ತನಕ ಕಾಯಬೇಕು. ಮೂರೇ ಮಾತು. ಅದಕ್ಕಿಂತ ಹೆಚ್ಚು ಆ ಗುಡ್ಡಕ್ಕೆ ಯಾರೂ ಕಲಿಸಿರಲಿಲ್ಲ.

ಈ ಗುರುತುಗಳನ್ನು ನೋಡುವ ಹೊಣೆ ಊರಿನ ತುದಿಯ ಮನೆಯದು, ಏಕೆಂದರೆ ಅದರ ಅಂಗಳದಿಂದ ಗ್ರೀನೆ ನೇರ ಕಾಣುತ್ತಿತ್ತು. ಆ ಮನೆಯ ಯಜಮಾನ ಸೋರ್ಲಿ ಎಪ್ಪತ್ತು ದಾಟಿದ ಮುದುಕ, ದೋಣಿಯ ಚುಕ್ಕಾಣಿ ಹಿಡಿಯುವವನು. ಅವನ ಮಗ ಟೋರ್ಕಿಲ್, ಸೊಸೆ ಐರಿಕ್. ಗಂಡಸರು ಹೊರಡುವ ದಿನ ನೋಡುಮನೆಯ ಹೆಂಗಸು ದೋಣಿಯ ಪಕ್ಕದಲ್ಲಿ ನಿಂತು ಮೂರು ಜಾಗಗಳನ್ನೂ ಮೂರು ಸಲ ಹೇಳಬೇಕು, ಹೊರಟವರು ಮೂರು ಸಲ ತಿರುಗಿ ಹೇಳಬೇಕು. ಹೇಳುವಾಗ ಎಲ್ಲರೂ ಗ್ರೀನೆಯತ್ತ ಕೈ ಮಾಡಿ ಆಯಾ ಜಾಗವನ್ನು ತೋರಿಸಬೇಕು. ಚಿಕ್ಕವಳಿದ್ದಾಗ ಐರಿಕ್ ಅಪ್ಪನ ಜೊತೆ ಹಟ ಮಾಡಿ ಗ್ರೀನೆಗೂ ಹೋಗಿದ್ದಳು. ಗುಡ್ಡದ ಮೂಲೆಮೂಲೆ ಅವಳಿಗೆ ತಿಳಿದಿತ್ತು. ಆ ವರ್ಷದ ವಸಂತದಲ್ಲಿ ಒಂದು ವಾರ ಮಳೆ ಹೊಡೆದು ಗ್ರೀನೆಯ ನಡುಮೈ ಕುಸಿದಿತ್ತು. ಹುಲ್ಲೆಲ್ಲ ಜಾರಿ ಕಡಲಿಗೆ ಬಿದ್ದು, ನಡುವೆ ಅಗಲಕ್ಕೆ ಕಪ್ಪು ಗಾಯದಂಥ ಜಾಗ ಉಳಿದಿತ್ತು. ನಡುವಿನ ಗುರುತಿಗೆ ಬೇರೆ ಜಾಗ ಗೊತ್ತುಮಾಡಬೇಕು ಎಂದು ಸೋರ್ಲಿ ಎರಡು ಸಲ ಹೇಳಿದ್ದ. ಆಗಲಿ, ಹೊರಡುವ ದಿನ ಎಲ್ಲರೂ ಸೇರಿರುತ್ತೇವಲ್ಲ, ಆಗ ಮಾಡೋಣ ಎಂದಿದ್ದರು.

ಹೊರಡುವ ದಿನ ಬಂತು. ಅಂದು ಬೆಳಿಗ್ಗೆ ಐರಿಕ್‌ಗೂ ಟೋರ್ಕಿಲ್‌ಗೂ ಮಾತಿಗೆ ಮಾತು ಬೆಳೆದು ಜಗಳವಾಗಿತ್ತು. ಜಗಳ ಏನು ದೊಡ್ಡದೆ? ಅವಳು ಚಳಿಗಾಲವೆಲ್ಲ ಕೂತು ನೇಯ್ದ ಕಂಬಳಿಯನ್ನು ಅವನು ಹೇಳದೆ ಕೇಳದೆ ಗ್ರೀನೆಯ ಗಂಟಿಗೆ ಕಟ್ಟಿಕೊಂಡಿದ್ದ. ಮಕ್ಕಳಿಗೆ ಹೊದೆಸುವ ಕಂಬಳಿ ಅದು ಎಂದಳು. ಕುರಿ ಮೈಯ ಉಣ್ಣೆ ನಿಮ್ಮಪ್ಪ ತಂದನೋ ಎಂದ. ಗಂಡಹೆಂಡಿರ ಜಗಳ ಇಂಥದ್ದೇ ಅಲ್ಲವೆ! ದೋಣಿಯ ಹತ್ತಿರ ಅವಳು ಮುಖ ಊದಿಸಿಕೊಂಡು ನಿಂತಳು, ಮೂರು ಜಾಗಗಳನ್ನು ಒಂದೇ ಸಲ ಗಡಗಡ ಒಪ್ಪಿಸಿದಳು, ಗ್ರೀನೆಯತ್ತ ತಿರುಗಿಯೂ ನೋಡಲಿಲ್ಲ. ಟೋರ್ಕಿಲ್ ಅವಳತ್ತ ನೋಡದೆ ಹೂಂ ಎಂದ. ಸೋರ್ಲಿ ಆ ಹೊತ್ತಿಗೆ ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಕೂರಿಸುತ್ತಿದ್ದ, ಹೊಸ ಜಾಗ ಗೊತ್ತುಮಾಡಿಕೊಂಡರೆಂದೇ ತಿಳಿದ. ಉಳಿದವರಿಗೆ ಗಾಳಿ ತಿರುಗುವ ಮುಂಚೆ ಹೊರಟರೆ ಸಾಕಾಗಿತ್ತು. ನಡುವಿನ ಜಾಗದ ಮಾತು ಯಾರ ಬಾಯಲ್ಲೂ ಬರಲಿಲ್ಲ. ದೋಣಿ ಕಣ್ಮರೆಯಾಗುವ ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು, ಆಗ ನೆನಪಾಯಿತು. ಹನ್ನೆರಡು ದಿನ ತಾನೇ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಾವನಿಗೆ ಹೇಳಲು ಧೈರ್ಯ ಬರಲಿಲ್ಲ. ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗ್ರೀನೆಯನ್ನು ಕಾಯುತ್ತ ಕೂತಳು.

ಎಂಟನೆಯ ದಿನ ಪಡುವಣ ಗಾಳಿ ಎದ್ದಿತು. ಒಂಬತ್ತನೆಯ ದಿನ ಬೆಳಿಗ್ಗೆ ಮಂಜು ಸರಿದಾಗ ಐರಿಕ್ ಹಾಲಿನ ಪಾತ್ರೆ ಹಿಡಿದು ಅಂಗಳಕ್ಕೆ ಬಂದಳು, ಗ್ರೀನೆಯತ್ತ ನೋಡಿದಳು. ನೆತ್ತಿಯ ಹತ್ತಿರ, ಬಲಕ್ಕೆ, ಕಪ್ಪು ಗುರುತು. ಪಾತ್ರೆ ಕೈಯಿಂದ ಜಾರಿತು. ಅವಳು ಕೂಗಿಕೊಂಡಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ, ಆದರೆ ಗಳಿಗೆಯೊಳಗೆ ಊರಿಗೆ ಊರೇ ಅವಳ ಅಂಗಳದಲ್ಲಿತ್ತು. ಒಬ್ಬರು ಸತ್ತಿದ್ದಾರೆ. ಯಾರು? ಅದನ್ನು ಹೇಳಲು ಗುಡ್ಡಕ್ಕೆ ಬರುವುದಿಲ್ಲ. ಗ್ರೀನೆಗೆ ಹೋದದ್ದು ಆರು ಮನೆಯ ಗಂಡಸರು. ಆರು ಮನೆಯ ಹೆಂಗಸರು ಸಾಲಾಗಿ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡಲಾರದೆ. ಕಡಲು ಬೆಟ್ಟಬೆಟ್ಟವಾಗಿ ಏಳುತ್ತಿತ್ತು. ಸೋರ್ಲಿ ಅದನ್ನು ಒಂದು ಸಲ ನೋಡಿ ತಲೆ ಅಲ್ಲಾಡಿಸಿದ. ಅವನ ಮಗನೂ ಆ ಆರರಲ್ಲಿ ಒಬ್ಬ ಎಂಬುದನ್ನು ಯಾರೂ ಮರೆತಿರಲಿಲ್ಲ.

ಆ ಹೊತ್ತಿನಲ್ಲಿ ಐರಿಕ್ ಒಂದು ಮಾತಾಡಿದಳು. ಮಾತಾಡಬೇಕೆಂದು ಆಡಿದ್ದಲ್ಲ, ಹೊಟ್ಟೆಯ ಸಂಕಟ ನಾಲಿಗೆಗೆ ಬಂದುಬಿಟ್ಟಿತು. ಮೊದಲು ಮನಸ್ಸಿನಲ್ಲೇ ಒಂದೊಂದು ಮನೆಯನ್ನೂ ತೂಗಿ ನೋಡಿದ್ದಳು. ಇವಳಿಗೆ ಹಾಲು ಕುಡಿಯುವ ಕೂಸು, ಅವಳು ತುಂಬಿದ ಬಸುರಿ, ಇನ್ನೊಬ್ಬಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಕೊನೆಗೆ ಉಳಿದದ್ದು ಯಾಖನ್‌ನ ಮನೆ. ಅವನ ಹೆಂಡತಿ ಬೇಹಕ್ ಗಟ್ಟಿಗಿತ್ತಿ, ಮಕ್ಕಳಿಲ್ಲ. “ಯಾಖನ್ ಆಗಿರಲಿ ದೇವರೇ,” ಎಂದಳು ಐರಿಕ್, “ಬೇಹಕ್ ಒಬ್ಬಳೇ, ಹೇಗೋ ತಡಕೊಂಡಾಳು.” ಹೇಳಿ ಮುಗಿಸುವಾಗ ಬೆನ್ನ ಹಿಂದೆ ಯಾರೋ ಉಸಿರೆಳೆದದ್ದು ಕೇಳಿಸಿತು. ತಿರುಗಿದರೆ ಬೇಹಕ್ ಅಲ್ಲೇ, ಒಂದು ಕೈಯಳತೆಯಲ್ಲಿ ನಿಂತಿದ್ದಳು. ಅವಳ ಮುಖ ಬೂದಿಯಾಗಿತ್ತು. “ಬಿಡ್ತು ಅನ್ನು,” ಎಂದಳು ಬೇಹಕ್. ಅಷ್ಟೇ ಎಂದಳು. ಕೆಟ್ಟ ಮಾತು ಬಾಯಿಂದ ಬಿದ್ದರೆ ನಾವು ಬಿಡ್ತು ಅನ್ನು ಎನ್ನುತ್ತೇವಲ್ಲ, ಅವರ ನುಡಿಯಲ್ಲೂ ಅಂಥದೊಂದು ಮಾತಿದೆಯಂತೆ. ಐರಿಕ್ ಬಾಯಿ ತೆರೆದಳು. ಬಿಡ್ತು ಎಂದರೆ ಸಾವು ಯಾಖನ್‌ನನ್ನು ಬಿಟ್ಟು ಉಳಿದ ಐದರಲ್ಲಿ ಒಂದು ಮನೆಗೆ ಹೋಗುತ್ತದೆ, ಆ ಐದರಲ್ಲಿ ತನ್ನದೂ ಒಂದು. ನಾಲಿಗೆ ಹೊರಳಲಿಲ್ಲ. ಬೇಹಕ್ ಸ್ವಲ್ಪ ಹೊತ್ತು ಕಾದು, ಶಾಲು ತಲೆಯ ಮೇಲೆಳೆದುಕೊಂಡು ಮನೆಗೆ ನಡೆದಳು.

ಆಮೇಲಿನ ಎರಡು ದಿನ ಆ ಊರಿಗೆ ಬಂದ ಸ್ಥಿತಿ ಶತ್ರುವಿಗೂ ಬೇಡ. ಯಾವ ಮನೆಯ ಒಲೆ ಆರಿಸಬೇಕೆಂದು ಗೊತ್ತಿಲ್ಲ. ಸುಮ್ಮನೆ ಉರಿಯಲಿ ಎಂದು ಬಿಟ್ಟರೆ ಸತ್ತವನಿಗೆ ಅಪಚಾರ. ಆರಿಸಿದರೆ ಬದುಕಿರುವವನನ್ನು ತಾನೇ ಕೊಂದ ಹಾಗೆ. ಆರು ಮನೆಗಳಲ್ಲೂ ಒಲೆಯ ಪಕ್ಕ ನೀರಿನ ಕೊಡ ತುಂಬಿಟ್ಟುಕೊಂಡು ಹೆಂಗಸರು ಕೂತಿದ್ದರು, ಅಡುಗೆ ಮಾಡಲೂ ಮನಸ್ಸಿಲ್ಲ, ಅಳಲೂ ಹಕ್ಕಿಲ್ಲ. ಐರಿಕ್ ಮಕ್ಕಳಿಗೆ ಗಂಜಿ ಬಡಿಸಿ ಅಂಗಳಕ್ಕೆ ಓಡುವಳು, ಗುರುತು ಇದೆಯೇ ನೋಡುವಳು, ಒಳಗೆ ಬರುವಳು, ಮತ್ತೆ ಓಡುವಳು. ನೋಡಿದಾಗಲೆಲ್ಲ ಕಂಬಳಿ ನೆನಪಾಗುತ್ತಿತ್ತು. ಅವನು ಕೊನೆಗೆ ಕೇಳಿದ್ದು ತನ್ನ ಬಾಯಿಂದ ಒಂದು ಬೈಗುಳವೇ ಆಗಿಬಿಟ್ಟರೆ? ಹೊದ್ದುಕೊ ಮಾರಾಯ, ಹತ್ತು ಕಂಬಳಿ ನೇಯ್ದು ಕೊಡುತ್ತೇನೆ, ಬದುಕಿ ಬಾ ಎಂದು ಗಾಳಿಗೆ ಹೇಳಿದಳು ಎನ್ನುತ್ತಾರೆ. ನೀರು ತರುವ ದಾರಿಯಲ್ಲಿ ಬೇಹಕ್ ಎದುರಾದಾಗ ಇಬ್ಬರೂ ಕಣ್ಣು ತಪ್ಪಿಸಿದರು.

ಹನ್ನೊಂದನೆಯ ದಿನ ಬೆಳಿಗ್ಗೆ ಎಂದಿನಂತೆ ನೋಡಿದರೆ ಗುರುತು ಇಲ್ಲ. ಐರಿಕ್ ಕಣ್ಣುಜ್ಜಿಕೊಂಡು ನೋಡಿದಳು. ನಡುಮೈಯ ಕುಸಿತ ಇದ್ದಲ್ಲೇ ಕಪ್ಪಗಿತ್ತು. ನೆತ್ತಿ ಮಾತ್ರ ಪೂರ್ತಿ ಹಸಿರು. ಕಡಿದ ಹೆಂಟೆಗಳನ್ನು ಯಾರೋ ಮರಳಿ ಇಟ್ಟಿದ್ದರು. ಹಾಗೆ ಯಾರೂ ಯಾವತ್ತೂ ಮಾಡಿದ್ದಿಲ್ಲ. ಕಡಿದದ್ದನ್ನು ಮುಂದಿನ ವರ್ಷದ ಹುಲ್ಲೇ ಮುಚ್ಚಬೇಕು, ಅದು ವಾಡಿಕೆ. ಊರು ಮತ್ತೆ ನೆರೆಯಿತು. ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ ಒಬ್ಬ ಮುದುಕಿ ಮೆಲ್ಲಗೆ ಹೇಳಿದಳು: “ಹೂತಿದ್ದಾರೆ ಕಣ್ರವ್ವಾ. ತೆರೆದ ಮಣ್ಣಿಗೇ ಅವನನ್ನ ಇಳಿಸಿ, ಮೇಲೆ ಹುಲ್ಲು ಮುಚ್ಚಿದ್ದಾರೆ.” ಹೌದಲ್ಲ ಎನ್ನಿಸಿತು ಎಲ್ಲರಿಗೂ. ಕಡಲು ಇಳಿಯಲಿಲ್ಲ, ಹೆಣ ಎಷ್ಟು ದಿನ ಇಟ್ಟುಕೊಂಡಾರು? ಆರು ಹೆಂಗಸರೂ ಅಲ್ಲೇ ಕುಸಿದರು, ಎರಡು ದಿನ ಕಟ್ಟಿಟ್ಟ ಅಳು ಒಮ್ಮೆಗೇ ಕಿತ್ತುಕೊಂಡು ಬಂತು.

ಅತ್ತು ಅತ್ತು ಐರಿಕ್ ನಡುವೆ ಸುಮ್ಮನಾದಳು. ಅವಳಿಗೆ ಅಪ್ಪನ ಜೊತೆ ಹೋದ ವರ್ಷ ನೆನಪಾಯಿತು. ಆ ನೆತ್ತಿಯಲ್ಲಿ ಅವಳು ಆಟಕ್ಕೆ ಮಣ್ಣು ಕೆದಕಿದ್ದಳು. ಒಂದು ಗೇಣು ಇಳಿಯುವಷ್ಟರಲ್ಲಿ ಕೋಲು ಠಣ್ ಎಂದಿತ್ತು. “ಮಾವ,” ಎಂದಳು, “ಅಲ್ಲಿ ಹೂಳೋಕೆ ಆಗಲ್ಲ. ಗೇಣು ಮಣ್ಣು, ಕೆಳಗೆ ಬರೀ ಬಂಡೆ. ಬೆಕ್ಕನ್ನೂ ಹೂಳೋಕೆ ಆಗಲ್ಲ.” ಸೋರ್ಲಿ ಹುಬ್ಬು ಗಂಟಿಕ್ಕಿದ. ಅದು ಅವನಿಗೂ ಗೊತ್ತಿದ್ದ ಸಂಗತಿಯೇ, ಸಂಕಟದಲ್ಲಿ ಮರೆತಿದ್ದ. ಹಾಗಾದರೆ ಏನರ್ಥ ಎಂದ. ಐರಿಕ್ ಹೇಳಿದಳು: “ಆಡಿದ ಮಾತನ್ನ ವಾಪಸು ತಗೊಂಡಿದ್ದಾರೆ. ಸತ್ತ ಅಂದ್ಕೊಂಡವನು ಸತ್ತಿಲ್ಲ.”

ಕೆಲವರ ಮುಖ ಅರಳಿತು. ಸೋರ್ಲಿಯೂ ಉಸಿರು ಬಿಟ್ಟ. “ಹಾಗಾದ್ರೆ ದೇವರು ದೊಡ್ಡವನು. ಯಾರಿಗೂ ಏನೂ ಆಗಿಲ್ಲ ಅಂದ್ಮೇಲೆ ಈ ಕಡಲಿಗೆ ದೋಣಿ ಹಾಕೋ ಹುಚ್ಚು ಬೇಡ. ಇರೋದೊಂದು ದೋಣಿ. ಅದೂ ಹೋದರೆ ಆರು ಜನಾನೂ ಅಲ್ಲೇ ಚಳಿಗಾಲಕ್ಕೆ ಒಣಗಿ ಹೋಗ್ತಾರೆ. ಕಾಯೋಣ.” ಎಲ್ಲರೂ ತಲೆದೂಗಿದರು. ಮಾತು ನ್ಯಾಯವಾದದ್ದೇ. ಐರಿಕ್‌ಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಈಗ ಹೇಳಬೇಕಾದ ಮಾತನ್ನು ಅವಳೊಬ್ಬಳೇ ಹೇಳಬೇಕು, ಹೇಳಿದರೆ ತನ್ನ ತಪ್ಪು ಊರೆದುರು ಬಯಲಾಗುತ್ತದೆ. ತನ್ನ ಮಾತು ತಪ್ಪಾದರೆ ದೋಣಿಯೂ ಹೋದೀತು. ಸುಮ್ಮನಿದ್ದುಬಿಡಲೇ ಎನ್ನಿಸಿತು. ಸುಮ್ಮನಿದ್ದರೆ ಯಾರೂ ಅವಳನ್ನು ಏನೂ ಅನ್ನುತ್ತಿರಲಿಲ್ಲ.

ಆದರೂ ಹೇಳಿದಳು. “ಮಾವ, ನಮ್ಮ ಗಂಡಸರು ಕಣ್ಣಾರೆ ನೋಡದೆ ಸಾವಿನ ಗುರುತು ಕಡಿಯೋರಲ್ಲ. ಅಂಥವರೇ ಸತ್ತ ಅಂತ ನಂಬಿದ್ರು ಅಂದ್ರೆ ಆ ಮನುಷ್ಯ ಬದುಕಿದ್ರೂ ಗಟ್ಟಿಯಾಗಿರೋಕೆ ಸಾಧ್ಯವಾ? ಪೆಟ್ಟಾಗಿರತ್ತೆ. ಸಾವಿನ ಹತ್ತಿರ ಇರ್ತಾನೆ.” ಹಾಗಿದ್ದರೆ ನಡುವಿನ ಗುರುತು ಕಡಿಯುತ್ತಿದ್ದರಲ್ಲ ಎಂದು ಯಾರೋ ಕೇಳಿದರು. “ಎಲ್ಲಿ ಕಡೀತಾರೆ? ನೋಡಿ ಅಲ್ಲಿ!” ಎಂದು ಐರಿಕ್ ಕೈ ಚಾಚಿದಳು. ಗ್ರೀನೆಯ ನಡುಮೈ ವಸಂತದಿಂದಲೇ ಕಪ್ಪು. ಕಪ್ಪಿನ ಮೇಲೆ ಕಪ್ಪು ಕಡಿದರೆ ಯಾವ ಕಣ್ಣಿಗೆ ಕಂಡೀತು? ಬೇರೆ ಜಾಗ ಗೊತ್ತುಮಾಡಿರಲಿಲ್ಲವೇ ಎಂದು ಸೋರ್ಲಿ ಕೇಳಿದ, ಅವನ ದನಿ ಮೆಲ್ಲಗಿತ್ತು. “ಇಲ್ಲ. ನಾನು ಹೇಳಬೇಕಿತ್ತು. ನಾನೂ ನಿಮ್ಮ ಮಗನೂ ಜಗಳ ಆಡಿದ್ವಿ. ಒಂದು ಕಂಬಳಿಗೋಸ್ಕರ. ನಾನು ಒಂದೇ ಸಲ ಹೇಳಿ ಮುಖ ತಿರುಗಿಸಿದೆ. ತಪ್ಪು ನಂದು,” ಎಂದಳು. ಮುದುಕ ಅವಳನ್ನು ಬೈಯಲಿಲ್ಲ. ತಿರುಗಿ ಕಡಲನ್ನು ನೋಡಿದ. ಅಲೆ ನಿನ್ನೆಯಷ್ಟಿರಲಿಲ್ಲ, ಆದರೆ ದೋಣಿ ಹಾಕುವ ಕಡಲೂ ಅಲ್ಲ. “ಆರು ಹುಟ್ಟು ಬೇಕು,” ಎಂದ. “ನಾಲ್ಕು ಮುದುಕರು ಸಿಗ್ತಾರೆ. ಇನ್ನೆರಡು?” ಐರಿಕ್ ಆಗಲೇ ಶಾಲನ್ನು ಸೊಂಟಕ್ಕೆ ಬಿಗಿಯುತ್ತಿದ್ದಳು. ಆರನೆಯ ಹುಟ್ಟಿಗೆ ಯಾರು ಎಂದು ಕೇಳುವ ಮೊದಲೇ ಬೇಹಕ್ ಮುಂದೆ ಬಂದು ನಿಂತಳು.

ದೋಣಿಯನ್ನು ನೀರಿಗೆ ತಳ್ಳುವಷ್ಟರಲ್ಲೇ ಅರ್ಧ ಜೀವ ಹೋಯಿತು. ಐರಿಕ್ ಒಂದು ಹಲಗೆಯ ಮೇಲೆ, ಬೇಹಕ್ ಅವಳ ಹಿಂದಿನ ಹಲಗೆಯ ಮೇಲೆ. ಅಲೆಯ ನೆತ್ತಿಗೆ ಏರಿದಾಗ ಹಿಂದೆ ಊರಿನ ಹದಿನಾಲ್ಕು ಮಾಡುಗಳೂ ಕಾಣುತ್ತಿದ್ದವು, ಇಳಿದಾಗ ನೀರಿನ ಗೋಡೆಗಳಲ್ಲದೆ ಮತ್ತೇನೂ ಇಲ್ಲ. ಸೋರ್ಲಿ ಚುಕ್ಕಾಣಿ ಹಿಡಿದು, ಏರುವ ಅಲೆ ಇಳಿಯುವ ಅಲೆ ಎಣಿಸುತ್ತ ಕೂಗುತ್ತಿದ್ದ. ಬೊಗಸೆಬೊಗಸೆ ಉಪ್ಪುನೀರು ಮುಖಕ್ಕೆ ಎರಚುತ್ತಿತ್ತು. ಅರ್ಧ ದಾರಿಯಲ್ಲಿ ಒಂದು ದೊಡ್ಡ ಅಲೆ ದೋಣಿಯನ್ನು ಅಡ್ಡ ತಿರುಗಿಸಿತು. ಒಬ್ಬ ಮುದುಕ ಹುಟ್ಟು ಬಿಟ್ಟು ಬಿದ್ದ, ಮೊಣಕಾಲು ಮುಳುಗುವಷ್ಟು ನೀರು ಒಳಗೆ ಬಂತು. ತನ್ನ ಮಕ್ಕಳ ಮುಖ ಐರಿಕ್‌ನ ಕಣ್ಣ ಮುಂದೆ ಬಂತು. ಎಲ್ಲರನ್ನೂ ನಾನೇ ಸಾಯಿಸಿದೆ ಎಂದುಕೊಂಡಳು. ಸೋರ್ಲಿ ಹೇಗೋ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿದ, ಮುದುಕ ಎದ್ದು ಕೂತು ಮತ್ತೆ ಹುಟ್ಟು ಹಿಡಿದ. ಆಗ ಐರಿಕ್ ಹಿಂದೆ ತಿರುಗದೆಯೇ, ಗಾಳಿಯ ಮೇಲೆ ಕೂಗಿ ಹೇಳಿದಳು: “ಬಿಡ್ತು ಬೇಹಕ್! ಬಿಡ್ತು ಅಂದೆ!”

ಹಿಂದಿನಿಂದ ಬೇಹಕ್ ಅವಳ ಕಿವಿಯ ಹತ್ತಿರ ಬಾಗಿ ಎಂದಳು: “ನಾನು ಟೋರ್ಕಿಲ್ ಆಗಿರಲಿ ಅಂತ ಕೇಳ್ಕೊಂಡಿದ್ದೆ. ನೀನು ಬಾಯಿ ಬಿಟ್ಟು ಅಂದೆ, ನಾನು ಬಾಯಿ ಮುಚ್ಕೊಂಡು ಅಂದೆ. ಈಗ ಎಳಿ ಹುಟ್ಟು.” ಐರಿಕ್ ಎಳೆದಳು. ಅಳುತ್ತಿದ್ದಳೋ ಕಡಲ ನೀರೋ, ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಗ್ರೀನೆಯ ಬಂಡೆ ಹತ್ತಿರವಾಯಿತು. ಅಲೆ ಎತ್ತಿದ ಗಳಿಗೆ ನೋಡಿ ಬಂಡೆಗೆ ನೆಗೆಯಬೇಕು, ತಪ್ಪಿದರೆ ದೋಣಿಯ ಕೆಳಗೆ. ಮೇಲೆ ಮನುಷ್ಯರು ಓಡಿ ಬರುತ್ತಿದ್ದರು. ಇಬ್ಬರು ಹೆಂಗಸರೂ ಹುಟ್ಟು ಎಳೆಯುತ್ತಲೇ ಕುತ್ತಿಗೆ ತಿರುಗಿಸಿ ಎಣಿಸಿದರು. ಒಂದು, ಎರಡು, ಮೂರು. ನಾಲ್ಕನೆಯವನು ಟೋರ್ಕಿಲ್. ಐರಿಕ್‌ನ ಎದೆಯಲ್ಲಿ ಸಂತೋಷ ಉಕ್ಕಿತು, ಉಕ್ಕಿದ ಮರುಗಳಿಗೆಯೇ ನಾಚಿಕೆಯಿಂದ ಸತ್ತೇ ಹೋದ ಹಾಗಾಯಿತು, ಏಕೆಂದರೆ ಐದನೆಯವನು ಬಂದು ನಿಂತ, ಆರನೆಯವನು ಬರಲಿಲ್ಲ. ಯಾಖನ್ ಇರಲಿಲ್ಲ. ಬೇಹಕ್ ಹುಟ್ಟು ಕೈಬಿಟ್ಟು ಎದ್ದು ನಿಂತಳು. ಸೋರ್ಲಿ ಕೂತ್ಕೋ ಎಂದು ಕಿರುಚಿದರೂ ಕೇಳದೆ, ಅಲೆ ಏರುವುದನ್ನೂ ನೋಡದೆ ಬಂಡೆಗೆ ಹಾರಿದಳು. ಟೋರ್ಕಿಲ್ ಅವಳ ತೋಳು ಹಿಡಿದು ಎಳೆದುಕೊಂಡ. “ಇದ್ದಾನೆ,” ಎಂದ, “ಬೇಹಕ್, ಇದ್ದಾನೆ. ಬದುಕಿದ್ದಾನೆ.”

ಆದದ್ದಿಷ್ಟು. ಎಂಟನೆಯ ದಿನ ಯಾಖನ್ ಒಂದು ಟಗರನ್ನು ಹಿಡಿಯಲು ಹೋಗಿ ಅದರೊಂದಿಗೇ ಬಡಗಣ ಬಂಡೆಯಿಂದ ಉರುಳಿದ್ದ. ಕೆಳಗೆ ನೊರೆಯಲ್ಲಿ ಟಗರಿನ ಹೆಣವೂ ಅವನ ಟೋಪಿಯೂ ತೇಲುವುದನ್ನು ಟೋರ್ಕಿಲ್ ಕಣ್ಣಾರೆ ಕಂಡು, ಹಗ್ಗ ಇಳಿಸಿ ಸಂಜೆಯ ತನಕ ಹುಡುಕಿ, ಮರುದಿನ ಬೆಳಕು ಹರಿಯುವಾಗ ಸಾವಿನ ಗುರುತು ಕಡಿದ. ಆದರೆ ಯಾಖನ್ ಬಂಡೆಯ ಹೊಟ್ಟೆಯಲ್ಲಿ ಹಕ್ಕಿಗಳು ಗೂಡು ಕಟ್ಟುವ ಒಂದು ಚಾಚುಗಲ್ಲಿನ ಮೇಲೆ, ತೊಡೆಯ ಎಲುಬು ಮುರಿದುಕೊಂಡು, ಪ್ರಜ್ಞೆ ತಪ್ಪಿ ಬಿದ್ದಿದ್ದ. ಹತ್ತನೆಯ ದಿನ ಮಧ್ಯಾಹ್ನ ಅವನ ನರಳಾಟ ಕೇಳಿಸಿತು. ಎತ್ತಿ ತಂದು ತಾವಿದ್ದ ಕಲ್ಲಿನ ಗೂಡಿನ ಬಾಗಿಲಲ್ಲಿ ಮಲಗಿಸಿದರು. ನಡುಮೈಯಲ್ಲಿ ಗುರುತು ಕಡಿದೂ ನೋಡಿದರು; ಕಪ್ಪಿನಲ್ಲಿ ಕಪ್ಪು ಕರಗಿಹೋಯಿತು. ಕೆಳಗಿನ ಗುರುತು ಕಡಿದರೆ ಕಡಲು ಇಳಿದ ಮೇಲೆಯೇ ದೋಣಿ ಬರುತ್ತದೆ. ಬಿಳಿ ಉಣ್ಣೆ ಹರಡಿದರು. ದೂರಕ್ಕೆ ಅದು ಕುರಿ ಮಲಗಿದ ಹಾಗೆಯೇ ಕಾಣುತ್ತದೆಂದು ಅವರಿಗೇ ಗೊತ್ತಿತ್ತು. ಮೇಲೆ ಹತ್ತಿ ಬಂದ ಹೆಂಗಸರಿಗೆ ಅವನು ಕಂಡಾಗ ಕಾಲು ಊದಿ ಕಪ್ಪಾಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಅವನ ಮೈಮೇಲೆ ಹೊದೆಸಿದ್ದದ್ದು ಐರಿಕ್‌ನ ಕಂಬಳಿ.

ದೋಣಿಗೆ ಯಾಖನ್‌ನನ್ನು ಇಳಿಸಲು ಹಲಗೆ ಕಟ್ಟುತ್ತಿದ್ದಾಗ ಐರಿಕ್ ಗಂಡನ ಕೈ ಹಿಡಿದು ಹೇಳಿದಳು: “ನೀನು ಹೆಂಟೆ ವಾಪಸು ಇಟ್ಟು ಹೇಳಿದ್ದು ನನಗೆ ತಿಳೀತು.” ಟೋರ್ಕಿಲ್ ಅವಳನ್ನು ಪಿಳಿಪಿಳಿ ನೋಡಿದ. ಹೇಳಿದ್ದೆ? ಏನು ಹೇಳಿದ್ದು? ಅವನು ಯಾರಿಗೂ ಏನೂ ಹೇಳಿರಲಿಲ್ಲ. ಗೂಡಿನ ಬಾಗಿಲಲ್ಲಿ ಮಲಗಿಸಿದ್ದಾಗ ಯಾಖನ್ ಕಣ್ಣು ಬಿಟ್ಟಿದ್ದನಂತೆ. ನೇರ ಎದುರಿಗೆ ನೆತ್ತಿಯ ಮೇಲೆ ಕಪ್ಪು ಗುರುತು. ಅದನ್ನೇ ನೋಡಿ ನೋಡಿ, “ಯಾರು ಸತ್ತದ್ದು?” ಎಂದು ಕೇಳಿದ. ಅವನು ಮತ್ತೂ ಕೇಳಿದ, ಒಬ್ಬೊಬ್ಬರ ಮುಖವನ್ನೂ ನೋಡಿ, ಯಾರು ಕಮ್ಮಿ ಎಂದು ಎಣಿಸಿ ಕೇಳಿದ. “ಅವನಿಗೆ ಅದನ್ನ ತೋರಿಸ್ಕೊಂಡು ಇರೋಕೆ ನನ್ನಿಂದ ಆಗಲಿಲ್ಲ,” ಎಂದ ಟೋರ್ಕಿಲ್. “ಗಾಳಿಯಲ್ಲೇ ಹತ್ತಿ ಹೋಗಿ ಹೆಂಟೆ ಎಲ್ಲಾ ವಾಪಸು ಜೋಡಿಸಿದೆ. ಹಾರಿ ಹೋಗದಂತೆ ಬೆಳಗಾಗೋ ತನಕ ಅದರ ಮೇಲೆ ಮಲಗಿದ್ದೆ. ನೀವು ನೋಡ್ತೀರಿ ಅಂತ ನನಗೆ ಹೊಳೆಯಲೇ ಇಲ್ಲ.”

ಅಂದು ಸಂಜೆಯೊಳಗೆ ದೋಣಿ ಮರಳಿತು. ಇನ್ನೊಂದು ದಿನ ತಡವಾಗಿದ್ದರೆ ಕಾಲಿನ ವಿಷ ಮೈಗೆಲ್ಲ ಏರುತ್ತಿತ್ತು ಎಂದು ಎಲುಬು ಕೂಡಿಸುವವಳು ಹೇಳಿದಳಂತೆ. ಯಾಖನ್ ಬದುಕಿದ. ಒಂದು ಕಾಲು ಗಿಡ್ಡವಾಗಿ, ಊರುಗೋಲು ಹಿಡಿದು, ಇನ್ನೂ ಮೂವತ್ತು ವರ್ಷ ಎಲ್ಲರನ್ನೂ ಗೇಲಿ ಮಾಡಿಕೊಂಡು ಬದುಕಿದ. ಆರು ಮನೆಯ ಕೊಡದ ನೀರನ್ನೂ ಮರುದಿನ ದನಕ್ಕೆ ಕುಡಿಸಿದರು. ಕಂಬಳಿಯನ್ನು ಬೇಹಕ್ ಒಗೆದು, ಮಡಿಸಿ ತಂದು ಕೊಟ್ಟಳು. ಐರಿಕ್ ಅದನ್ನು ಅವಳ ಮನೆಯಲ್ಲೇ ಬಿಟ್ಟು ಬಂದಳು. ಕಡಲಿನಲ್ಲಿ ಆಡಿದ ಆ ಎರಡು ಮಾತುಗಳನ್ನು ಇಬ್ಬರೂ ಮುದುಕಿಯರಾದ ಮೇಲೆಯೇ ಐರಿಕ್‌ನ ಮೊಮ್ಮಕ್ಕಳ ಎದುರು ಹೇಳಿದ್ದು, ಅದೂ ಜೊತೆಯಲ್ಲಿ ಕೂತು. ಊರು ನಡುವಿನ ಗುರುತಿಗೆ ಬೇರೆ ಜಾಗ ಗೊತ್ತುಮಾಡಿತು. ಸಾವಿನ ಗುರುತಿಗೂ ಬೇರೆ ಜಾಗ ಗೊತ್ತುಮಾಡಿತು, ಏಕೆಂದರೆ ಬೇಹಕ್ ಆ ನೆತ್ತಿಯ ಹುಲ್ಲಿಗೆ ಮತ್ತೆ ಯಾರೂ ಸಲಿಕೆ ಇಡಕೂಡದು ಎಂದು ಹಟ ಹಿಡಿದಳು. ಟೋರ್ಕಿಲ್ ಗಡಿಬಿಡಿಯಲ್ಲಿ ಹೆಂಟೆಗಳನ್ನು ಹಿಂದುಮುಂದಾಗಿ ಇಟ್ಟದ್ದರಿಂದ ಅಂಚು ಸರಿಯಾಗಿ ಕೂಡಲಿಲ್ಲ, ಗೆರೆ ಉಳಿಯಿತು. ಆ ಗೆರೆಯಲ್ಲಿ ನೀರು ನಿಲ್ಲುವುದರಿಂದ ಹುಲ್ಲು ಹೆಚ್ಚು ಹಸಿರು ಎನ್ನುತ್ತಾರೆ ತಿಳಿದವರು. ತಿಳಿಯದವರು ಬೇರೆ ಏನೇನೋ ಎನ್ನುತ್ತಾರೆ.

ವಾರ್ಸೆಯ ಆ ಊರೂ ಈಗ ಇಲ್ಲ; ಮಾಡಿಲ್ಲದ ಹದಿನಾಲ್ಕು ಕಲ್ಲುಗೋಡೆಗಳಿವೆ, ಜನ ಬಂದರಿನ ಕಡೆಗೆ ಹೋಗಿ ನೆಲೆಸಿದ್ದಾರೆ. ಗ್ರೀನೆಯ ನೆತ್ತಿಯ ಪಟ್ಟೆ ಮಾತ್ರ ಹಾಗೆಯೇ ಇದೆ. ಏರಿ ಬಂದ ಪ್ರವಾಸಿಗಳು ಅದರ ಮುಂದೆ ದನಿ ತಗ್ಗಿಸುತ್ತಾರೆ. ಉದ್ದಗಲ ನೋಡಿದರೆ ಯಾರಿಗಾದರೂ ಗೋರಿ ಎಂದೇ ಅನ್ನಿಸಬೇಕು. ಕೆಲವರು ಟೋಪಿ ತೆಗೆಯುತ್ತಾರೆ, ಕೆಲವರು ಬಂಡೆಯ ಅಂಚಿನ ಗುಲಾಬಿ ಬಣ್ಣದ ಪುಟ್ಟ ಹೂ ಕಿತ್ತು ಅದರ ಮೇಲೆ ಇಡುತ್ತಾರೆ. ಆಮೇಲೆ ದೋಣಿಯವನ ಕಡೆಗೆ ತಿರುಗಿ, ಯಾರು ಸತ್ತದ್ದು ಎಂದು ಮೆಲ್ಲಗೆ ಕೇಳುತ್ತಾರೆ. ಅವನು ಆ ಮಾತಿಗೇ ಕಾಯುತ್ತಿರುತ್ತಾನೆ. ಹೂವನ್ನು ಎತ್ತಿ ಅವರ ಕೈಗೇ ವಾಪಸು ಕೊಟ್ಟು ಹೇಳುತ್ತಾನೆ: “ಯಾರೂ ಇಲ್ಲ.”